ನಗರ್ತಪೇಟೆಯ ಸೂರಿನ ಮೇಲಿನ ಸಂಸಾರಗಳು

ನಗರ್ತಪೇಟೆ ಎಂದಕೂಡಲೇ ಬೆಂಗಳೂರಿನವರಿಗೆ ನೆನಪಾಗುವುದು ಬಟ್ಟೆಯ ಗಂಟುಗಳು, ಕೈಗಾಡಿ, ಕರೆಂಟಿನ ಸಾಮಾನಿನ ಅಂಗಡಿ, ಸ್ಕೂಟರ್ ನಿಲ್ಲಿಸಲೂ ಜಾಗವಿಲ್ಲದ ಓಣಿ. ಕಾಡುಪ್ರಾಣಿ ಯಾರಿಗೂ ನೆನಪಾಗುವುದಿಲ್ಲ. ನಾನು ಇಲ್ಲಿಯೇ ಹುಟ್ಟಿ, ಇಲ್ಲಿಂದಲೇ ಬ್ಯಾಂಕಿಗೆ ನಡೆದು ಹೋಗಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಈಗ ಎಪ್ಪತ್ತು ದಾಟಿದೆ. ಬೆಳಗ್ಗೆ ಮಹಡಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತರೆ ಬೀದಿಯ ಗಲಾಟೆಗಿಂತ ಮೇಲೆ ಇನ್ನೊಂದು ಪೇಟೆ ಕಾಣಿಸುತ್ತದೆ. ಅಲ್ಲಿ ಬಾಡಿಗೆ ಇಲ್ಲ, ಜಿಎಸ್‌ಟಿ ಇಲ್ಲ.

ಮಕ್ಕಳೇ, ನೀವು ಇತ್ತ ಬಂದರೆ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕಾಳಿಕಾಂಬ ದೇವಸ್ಥಾನದ ಕಡೆಗೆ ಒಮ್ಮೆ ತಲೆಯೆತ್ತಿಕೊಂಡು ನಡೆಯಿರಿ. ಹೆಚ್ಚು ದೂರವಿಲ್ಲ. (ಭಾನುವಾರ ಬನ್ನಿ. ಬೇರೆ ದಿನ ತಲೆಯೆತ್ತಿ ನಡೆದರೆ ಕೈಗಾಡಿಯವರು ಬೈಯುತ್ತಾರೆ.) ಹೊಸ ಕಾಂಕ್ರೀಟ್ ಕಟ್ಟಡಗಳ ನಡುವೆ ಇನ್ನೂ ಕೆಲವು ಹಂಚಿನ ಮನೆಗಳು ಉಳಿದಿವೆ. ಅವುಗಳ ಸೂರಿನಡಿ ಅಳಿಲು, ಅಂಗಡಿಯ ಬೋರ್ಡಿನ ಹಿಂದೆ ಗೊರವಂಕ, ಮುಚ್ಚಿಹೋದ ಗವಾಕ್ಷಿಯಲ್ಲಿ ಕಣಜಗೂಬೆ. ಮೇಲೆ ಆಕಾಶದಲ್ಲಿ ಕೆ.ಆರ್. ಮಾರ್ಕೆಟ್ಟಿನ ಕಡೆಯಿಂದ ಬಂದು ಸುತ್ತುವ ಹದ್ದುಗಳು. ಬಾಲದ ತುದಿ ಕವಲೊಡೆದಂತಿದ್ದರೆ ಅದು ಹದ್ದು; ತಲೆ ಬಿಳುಪು, ಮೈ ಇಟ್ಟಿಗೆಯ ಬಣ್ಣವಿದ್ದರೆ ಗರುಡ, ಕೆನ್ನೆ ಬಡಿದುಕೊಳ್ಳಬಹುದು.

ನಗರ್ತಪೇಟೆಯ ಅಳಿಲಿನ ಗೂಡು ಬೇರೆ ಕಡೆಯಂತಲ್ಲ. ಬಸವನಗುಡಿಯ ಅಳಿಲು ತೆಂಗಿನ ನಾರು, ಒಣಹುಲ್ಲು ತಂದರೆ ನಮ್ಮ ಪೇಟೆಯದು ಹತ್ತಿ, ಗೋಣಿಯ ನಾರು, ಸೀರೆಯ ಗೊಂಡೆಯ ನೂಲು ಹೊತ್ತು ತರುತ್ತದೆ. ಬಟ್ಟೆ ಪೇಟೆಯ ಬಾಣಂತನ ಹಾಗೆಯೇ. ನೋಡಲು ಚೆಂದ. ಆದರೆ ಹುಲ್ಲು ತುಂಡಾಗುತ್ತದೆ, ನೈಲಾನ್ ನೂಲು ತುಂಡಾಗುವುದಿಲ್ಲ. ಮರಿಯ ಕಾಲಿಗೆ ಒಮ್ಮೆ ಸುತ್ತಿಕೊಂಡರೆ ಮರಿ ಬೆಳೆದಂತೆಲ್ಲ ಬಿಗಿಯುತ್ತದೆ.

ಕಳೆದ ವರ್ಷ ಕರಗ ಮುಗಿದ ವಾರ ಒಂದು ಸಂಜೆ ಜೋರು ಮಳೆ ಬಂತು. ಮರುದಿನ ಬೆಳಗ್ಗೆ ಎದುರು ಸಾಲಿನ ಹಳೆಯ ಮನೆಯ ಸೂರು ಒಂದು ಮೂಲೆಯಲ್ಲಿ ಕುಸಿದಿತ್ತು. ಬಟ್ಟೆ ಅಂಗಡಿಯ ಹುಡುಗ ಸೀರೆಯ ರಟ್ಟಿನ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಮೆಟ್ಟಿಲು ಹತ್ತಿ ಬಂದ. ಒಳಗೆ ಮೂರು ಅಳಿಲ ಮರಿಗಳು. ಕಣ್ಣು ತೆರೆದಿರಲಿಲ್ಲ, ಬೆನ್ನ ಮೇಲೆ ಗೆರೆಗಳು ಪೆನ್ಸಿಲಿನಲ್ಲಿ ಎಳೆದಷ್ಟು ಮಾತ್ರ ಮೂಡಿದ್ದವು. ಬೇಸಿಗೆ ರಜೆಗೆ ಬಂದಿದ್ದ ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ.

"ತಾತ, ಇವುಗಳ ಅಮ್ಮ ಸತ್ತುಹೋಗಿದ್ಯಾ?"

"ಗೊತ್ತಿಲ್ಲ ಪುಟ್ಟಿ. ಕೇಳಿ ನೋಡೋಣ."

"ಯಾರನ್ನ?"

"ಅಮ್ಮನನ್ನೇ."

ಅಷ್ಟರಲ್ಲಿ ಪಕ್ಕದ ಮನೆಯ ದೊಡ್ಡಮ್ಮ ಬಂದರು. ಎಂಬತ್ತಾರು ವರ್ಷ, ಓಣಿಯ ಅರ್ಧದಷ್ಟು ಮಕ್ಕಳಿಗೆ ಎಣ್ಣೆ ನೀರು ಹಾಕಿದ ಕೈ. ಒಂದು ಲೋಟದಲ್ಲಿ ಹಸುವಿನ ಹಾಲು, ಇನ್ನೊಂದು ಕೈಯಲ್ಲಿ ಹೂಬತ್ತಿ. ಬತ್ತಿಯನ್ನು ಹಾಲಿನಲ್ಲಿ ಅದ್ದಿ ಮರಿಯ ಬಾಯಿಗೆ ಹಿಂಡುವುದು ನಮ್ಮ ಹಳೆಯ ಕಾಲದ ಕ್ರಮ.

"ಹಸುಗೂಸುಗಳು ಕಣಪ್ಪಾ, ಒಂದು ತೊಟ್ಟು ಬಿಡಬಾರದೇನೋ?" ಎಂದರು.

"ಈಗ ಬೇಡಿ ದೊಡ್ಡಮ್ಮ. ಮೊದಲು ಬೆಚ್ಚಗಾಗಲಿ" ಎಂದೆ.

ಅವರಿಗೆ ಬೇಸರವಾಯಿತು. ಆಗಬೇಕಾದದ್ದೇ. ಹಸಿದ ಕೂಸಿಗೆ ಹಾಲು ಬೇಡ ಎನ್ನುವವನು ಎಂಥ ಮನುಷ್ಯ! ಆದರೆ ಇದನ್ನು ನಾನು ನನ್ನ ತಲೆಯಿಂದ ಹೇಳಿದ್ದಲ್ಲ. ಅದಕ್ಕೂ ಕೆಲವು ವರ್ಷ ಹಿಂದೆ ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಸಿಕ್ಕಿಸಿಕೊಂಡ ಹದ್ದೊಂದನ್ನು ಕೆಂಗೇರಿಯ ವನ್ಯಜೀವಿ ಆಸ್ಪತ್ರೆಗೆ ಒಯ್ದಿದ್ದಾಗ ಅಲ್ಲಿನ ವೈದ್ಯರು ಸಮಾಧಾನವಾಗಿ ತಿಳಿಸಿಕೊಟ್ಟದ್ದು. ಹಸುವಿನ ಹಾಲು ಕರುವಿಗಾಗಿ ಆದದ್ದು. ಅದರಲ್ಲಿರುವ ಸಕ್ಕರೆಯ ಅಂಶ ಅಳಿಲಿನಂಥ ಮರಿಗೆ ಅರಗುವುದಿಲ್ಲ, ಭೇದಿಯಾಗಿ ಮೈಯ ನೀರೆಲ್ಲ ಹೋಗುತ್ತದೆ. ಮೈ ತಣ್ಣಗಾದ ಮರಿಗಂತೂ ಯಾವ ಆಹಾರವೂ ಜೀರ್ಣವಾಗದು. ಮೇಲಾಗಿ ಬಾಯಿಗೆ ಹಿಂಡಿದ ಹನಿ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯಬಹುದು. ಮರಿ ಎರಡು ದಿನ ಚೆನ್ನಾಗಿಯೇ ಇದ್ದು ಮೂರನೆಯ ದಿನ ಸಾಯುತ್ತದೆ. ನಾವು "ಪಾಪ, ಆಯುಷ್ಯ ಇರಲಿಲ್ಲ" ಎನ್ನುತ್ತೇವೆ.

ನಾವು ಮಾಡಿದ್ದು ಇಷ್ಟು. ಡಬ್ಬಿಯೊಳಗೆ ಹಳೆಯ ಹತ್ತಿಯ ಪಂಚೆ ಹಾಸಿದೆವು. ಟವಲಿನ ದಾರ ಎಳೆದರೆ ಉಗುರಿಗೆ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಪಂಚೆ. ಒಂದು ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಡಬ್ಬಿಯ ಅರ್ಧಭಾಗಕ್ಕೆ ಮಾತ್ರ ತಾಗುವಂತೆ ಇಟ್ಟೆವು. ಸೆಕೆ ಹೆಚ್ಚಾದರೆ ಮರಿ ತಾನಾಗಿ ಆಚೆಗೆ ತೆವಳಿಕೊಳ್ಳಲಿ ಎಂದು. ಅರ್ಧ ಗಂಟೆಯಲ್ಲಿ ಮೂರೂ ಮಿಸುಕಾಡತೊಡಗಿದವು. ಆಮೇಲೆ ಅಂಗಡಿಯ ಹುಡುಗ ಏಣಿ ಹತ್ತಿ, ಕುಸಿದ ಸೂರಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ, ಕಿಟಕಿಯ ಸರಳಿಗೆ ಡಬ್ಬಿಯನ್ನು ಕಟ್ಟಿದ. ಮೇಲೆ ಒಂದು ರಟ್ಟು ನೆರಳಿಗೆ. ಓಣಿಯ ಬೆಕ್ಕನ್ನು ದೊಡ್ಡಮ್ಮನ ಅಡುಗೆಮನೆಯಲ್ಲಿ ಕೂಡಿಹಾಕಿದೆವು. ಆ ಲೋಟದ ಹಾಲು ಅದಕ್ಕೇ ಸಂದಾಯವಾಯಿತು.

ನಂತರ ಕಾಯುವುದು. ಇದೇ ಕಷ್ಟದ ಕೆಲಸ. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಡಬ್ಬಿಯ ಕೆಳಗೆ ನಿಂತು ನೋಡುತ್ತಿದ್ದರು. ಮನುಷ್ಯರು ನಿಂತಿದ್ದರೆ ತಾಯಿ ಬರುವುದು ಹೇಗೆ? ಎಲ್ಲರನ್ನೂ ಕಳುಹಿಸಿ, ನಾನೂ ಮೊಮ್ಮಗಳೂ ನಮ್ಮ ಮಹಡಿಯ ಬಾಗಿಲ ಸಂದಿಯಿಂದ ನೋಡುತ್ತ ಕೂತೆವು.

ನಾನು ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದ ಕಾಲದಲ್ಲಿ ಯಾರಾದರೊಬ್ಬರು ಚೀಲವನ್ನೋ ಪಾಸ್‌ಬುಕ್ಕನ್ನೋ ಬಿಟ್ಟುಹೋಗುವುದು ಮಾಮೂಲು. ಹೊಸಬರು ಅದನ್ನೆತ್ತಿಕೊಂಡು ಬೀದಿಗೆ ಓಡುತ್ತಿದ್ದರು. ಹಳಬರು ಓಡುತ್ತಿರಲಿಲ್ಲ. ಬಿಟ್ಟುಹೋದವರು ಹುಡುಕಿಕೊಂಡು ಬರುವುದು ಬಿಟ್ಟ ಜಾಗಕ್ಕೇ. ಚೀಲ ಅಲ್ಲಿಂದ ಕದಲಿದರೆ ಇಬ್ಬರೂ ಊರೆಲ್ಲ ಅಲೆಯಬೇಕು. ಮೊಮ್ಮಗಳಿಗೆ ಇದನ್ನು ಹೇಳಿದೆ. ಅವಳು, "ಯಾರೂ ಬರದೇ ಇದ್ರೆ?" ಎಂದಳು. ಒಳ್ಳೆಯ ಪ್ರಶ್ನೆ. ಸಂಜೆಯವರೆಗೆ ನೋಡಬೇಕು ಎಂದೆ. ಅಳಿಲು ಹಗಲಿನ ಪ್ರಾಣಿ, ಕತ್ತಲಾದ ಮೇಲೆ ಹುಡುಕಲು ಬರುವುದಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಕೇಬಲ್ಲಿನ ತಂತಿಯ ಮೇಲೆ ಒಂದು ಅಳಿಲು ಬಂದು ಬಾಲ ಕುಣಿಸಿ ಚಿಕ್ ಚಿಕ್ ಎಂದು ಒಂದೇ ಸಮನೆ ಕೂಗಿತು. ಕುಸಿದ ಸೂರಿನೊಳಗೆ ಹೋಗಿ ಬಂತು, ಮತ್ತೆ ಹೋಯಿತು. ಮೊಮ್ಮಗಳು ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು. ನಾಲ್ಕನೆಯ ಸಲಕ್ಕೆ ಅದು ಕಿಟಕಿಯ ಸರಳಿಗೆ ಇಳಿಯಿತು, ಡಬ್ಬಿಯೊಳಗೆ ಮಾಯವಾಯಿತು. ಹೊರಗೆ ಬಂದಾಗ ಬಾಯಲ್ಲಿ ಒಂದು ಮರಿ! ಮರಿ ಉಂಡೆಯಾಗಿ ಸುತ್ತಿಕೊಂಡು ತಾಯಿಯ ಕೊರಳಿಗೆ ಅಂಟಿತ್ತು. ತಂತಿಯ ಮೇಲೆ ಓಡಿ ಅಂಗಡಿಯ ಬೋರ್ಡಿನ ಹಿಂದೆ ಎಲ್ಲೋ ಇಟ್ಟು ಬಂತು. ಇಪ್ಪತ್ತು ನಿಮಿಷದಲ್ಲಿ ಎರಡನೆಯದನ್ನೂ ಒಯ್ದಿತು.

ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಮೊಮ್ಮಕ್ಕಳಿಗೆ ಹೇಳಿಯೂ ಇದ್ದೇವೆ. ಆ ಮಾತಿಗೆ ಆಧಾರವಿಲ್ಲ. ಅಂಗಡಿ ಹುಡುಗ ಮುಟ್ಟಿದ್ದ, ನಾನು ಮುಟ್ಟಿದ್ದೆ, ದೊಡ್ಡಮ್ಮ ಅರಿಶಿನದ ಕೈಯಲ್ಲಿ ಸವರಿದ್ದರು. ತಾಯಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಆದರೆ ಮೂರನೆಯ ಮರಿಯನ್ನು ಅದು ಒಯ್ಯಲಿಲ್ಲ. ಬಂತು, ಎಳೆಯಿತು, ಬಿಟ್ಟು ಹೋಯಿತು. ಮಧ್ಯಾಹ್ನ ಎರಡರವರೆಗೆ ನೋಡಿ, ಏಣಿ ಹತ್ತಿಸಿ ಡಬ್ಬಿ ಇಳಿಸಿದೆವು. ಮರಿಯ ಹಿಂಗಾಲಿಗೆ ಗುಲಾಬಿ ಬಣ್ಣದ ನೂಲು ಸುತ್ತಿ, ಗೂಡಿನ ಒಂದು ಉಂಡೆ ಅದಕ್ಕೆ ಜೋತುಬಿದ್ದಿತ್ತು. ಪಾದ ಕಪ್ಪಾಗಿ ಊದಿತ್ತು. ಬೆಳಗ್ಗೆ ಮೂರೂ ಒಂದಕ್ಕೊಂದು ಮುದ್ದೆಯಾಗಿದ್ದಾಗ ಅದು ಕಂಡಿರಲಿಲ್ಲ. ಜೋತ ಉಂಡೆಯನ್ನು ಕತ್ತರಿಸಿದೆವು. ಮಾಂಸಕ್ಕೆ ಇಳಿದಿದ್ದ ನೂಲಿಗೆ ಕತ್ತರಿ ಹಾಕುವ ಧೈರ್ಯ ಮಾಡಲಿಲ್ಲ. ಅದು ವೈದ್ಯರ ಕೆಲಸ.

ಕೆಂಗೇರಿಗೆ ಹೊರಟೆವು. ಮೆಟ್ರೋದಲ್ಲಿ ಪ್ರಾಣಿಗಳನ್ನು ಬಿಡುವುದಿಲ್ಲವಾದ್ದರಿಂದ ಆಟೋ. ಮಾರ್ಕೆಟ್ಟಿನ ಫ್ಲೈಓವರ್ ಹತ್ತಿ ಸಿರ್ಸಿ ಸರ್ಕಲ್ಲಿನಲ್ಲಿ ಇಳಿದು, ಗಾಳಿ ಆಂಜನೇಯನಿಗೆ ಆಟೋದಿಂದಲೇ ಕೈಮುಗಿದು, ನಾಯಂಡಹಳ್ಳಿ, ರಾಜರಾಜೇಶ್ವರಿ ನಗರದ ಕಮಾನು ದಾಟಿ ಮೈಸೂರು ರಸ್ತೆಯಲ್ಲೇ ಹೋಗಬೇಕು. ಪಕ್ಕದಲ್ಲಿ ಹರಿಯುವುದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ ನದಿ ಎಂದು ಹಿರಿಯರು ಹೇಳುತ್ತಿದ್ದರು. ಈಗ ಅದರ ವಾಸನೆಗೆ ಮೊಮ್ಮಗಳು ಮೂಗು ಮುಚ್ಚಿಕೊಂಡಳು, ಡಬ್ಬಿಯ ತೂತನ್ನೂ ಮುಚ್ಚಲು ಹೋದಳು.

"ತಾತ, ಇದನ್ನ ನಾವೇ ಸಾಕಿದ್ರೆ ಏನಾಗತ್ತೆ?"

ಈ ಪ್ರಶ್ನೆ ಬಂದೇ ಬರುತ್ತದೆಂದು ಗೊತ್ತಿತ್ತು. ನಾವು ಹೋಗುತ್ತಿದ್ದ ಮೈಸೂರು ರಸ್ತೆಗೇ ಸೇರಿದ ಕಥೆಯೊಂದನ್ನು ಹೇಳಿದೆ. ಬೆಂಗಳೂರಿನಲ್ಲಿ ಕೆನೆತ್ ಆಂಡರ್ಸನ್ ಎಂಬ ಬೇಟೆಗಾರ ಇದ್ದರು, ಪುಸ್ತಕಗಳನ್ನೂ ಬರೆದರು. ಅವರು ಗೆಳೆಯರೊಡನೆ ಮೈಸೂರಿನ ಹತ್ತಿರ ಕಬ್ಬಿನ ಗದ್ದೆಗಳ ಬಳಿ ಹೋಗುತ್ತಿದ್ದಾಗ ಗುಂಪಿನಲ್ಲೊಬ್ಬರು ಕಾರಣವಿಲ್ಲದೆ ಒಂದು ಕರಡಿಗೆ ಗುಂಡು ಹೊಡೆದರು. ಹತ್ತಿರ ಹೋಗಿ ನೋಡಿದರೆ ಸತ್ತ ತಾಯಿಯ ಬೆನ್ನ ಮೇಲೆ ಮರಿ. ಅದನ್ನು ಹಿಡಿದು ಬೆಂಗಳೂರಿಗೆ ತಂದು ಹೆಂಡತಿಗೆ ಕೊಟ್ಟರು. ಬ್ರೂನೋ ಎಂದು ಹೆಸರಿಟ್ಟರು. ಮರಿ ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ತಿಂದಿತು. ಇಲಿಪಾಷಾಣ ತಿಂದು ಕೈಕಾಲು ಬಿದ್ದುಹೋಗಿ ವೈದ್ಯರು ಬದುಕಿಸಿದರು. ಇನ್ನೊಮ್ಮೆ ಎಂಜಿನ್ ಆಯಿಲ್ ಕುಡಿಯಿತು. ದೊಡ್ಡದಾದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳಲಾಗದೆ ಮೈಸೂರಿನ ಮೃಗಾಲಯಕ್ಕೆ ಕಳುಹಿಸಿದರು. ಅಲ್ಲಿ ಅದು ಊಟ ಬಿಟ್ಟು ಬಡಕಲಾಯಿತು. ಇತ್ತ ಮನೆಯೊಡತಿಯೂ ಊಟ ಬಿಟ್ಟರು. ಮೂರು ತಿಂಗಳ ಮೇಲೆ ಅವರು ನೋಡಲು ಹೋದಾಗ ಕರಡಿ ದೂರದಿಂದಲೇ ಗುರುತು ಹಿಡಿಯಿತು. ಕೊನೆಗೆ ಅನುಮತಿ ಪಡೆದು ಬೆಂಗಳೂರಿಗೆ ವಾಪಸ್ ತಂದು, ಅಂಗಳದಲ್ಲಿ ಸುತ್ತ ಹಳ್ಳ ತೋಡಿದ ಸಣ್ಣ ದಿಬ್ಬದ ಮೇಲೆ ಇಟ್ಟರು. ಕೇಂದ್ರ ಪಠ್ಯಕ್ರಮದ ಶಾಲೆಗಳಲ್ಲಿ ಹಿಂದೆ ಇದು ಒಂಬತ್ತನೆಯ ತರಗತಿಯ ಇಂಗ್ಲಿಷ್ ಪಾಠವಾಗಿತ್ತು, ನಿಮ್ಮ ಅಣ್ಣ ಅಕ್ಕಂದಿರು ಓದಿರಬಹುದು.

ಪ್ರೀತಿಯ ಕಥೆ ಎಂದೇ ಅದನ್ನು ಕಲಿಸುತ್ತಿದ್ದರು. ಪ್ರೀತಿ ಇತ್ತು, ಸುಳ್ಳಲ್ಲ. ಆದರೆ ನನಗೆ ಕಾಣುವುದು ಎಲ್ಲಿಗೂ ಸಲ್ಲದ ಕರಡಿ. ಕಾಡಿಗೆ ಬಿಟ್ಟರೆ ಬದುಕಲು ತಿಳಿಯದು, ಮೃಗಾಲಯದಲ್ಲಿ ಮನಸ್ಸು ನಿಲ್ಲದು, ಮನೆಯಲ್ಲಿ ಹಳ್ಳದಾಚೆ ಕಾಲಿಡುವಂತಿಲ್ಲ. ನಮ್ಮ ಬಾಲ್ಯದಲ್ಲಿ ಇದೇ ನಗರ್ತಪೇಟೆಯ ಓಣಿಗೆ ಕರಡಿ ಕುಣಿಸುವವರು ಬರುತ್ತಿದ್ದರು, ಮೂಗಿಗೆ ಹಗ್ಗ ಪೋಣಿಸಿದ ಕರಡಿಯ ಮೇಲೆ ನಮ್ಮನ್ನು ಕೂರಿಸಿದರೆ ಹೆದರಿಕೆ ಹೋಗುತ್ತದೆ ಎಂದು ದೊಡ್ಡವರು ನಂಬಿದ್ದರು. ಆ ಕರಡಿಗಳೂ ತಾಯಿಯನ್ನು ಕೊಂದು ತಂದ ಮರಿಗಳೇ. ಅಂಥ ಎಷ್ಟೋ ಕರಡಿಗಳು ಆಮೇಲೆ ಬನ್ನೇರುಘಟ್ಟದ ರಕ್ಷಣಾ ಕೇಂದ್ರಕ್ಕೆ ಬಂದು ಸೇರಿದವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಕಾಡುಪ್ರಾಣಿ ಯಾರ ಸೊತ್ತೂ ಅಲ್ಲ, ಸರ್ಕಾರದ್ದು. ಕಾಯ್ದೆಯಡಿ ಬರುವ ಪ್ರಾಣಿ ನಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಪಡಸಾಲೆಯಲ್ಲಿ ಪಂಜರದ ಗಿಳಿ ಇಟ್ಟುಕೊಂಡವರಿಗೂ ಈ ಕಾಯ್ದೆ ಅನ್ವಯಿಸುತ್ತದೆ. ನಮ್ಮ ಓಣಿಯಲ್ಲೇ ಎರಡು ಮನೆ ಬಲ್ಲೆ, ಹೆಸರು ಹೇಳುವುದಿಲ್ಲ.

ಕೆಂಗೇರಿಯಿಂದ ಉತ್ತರಹಳ್ಳಿಗೆ ಹೋಗುವ ರಸ್ತೆಯಲ್ಲಿ ಆ ಆಸ್ಪತ್ರೆ ಇದೆ. 1996ರಲ್ಲಿ ಆರಂಭವಾದ ಪೀಪಲ್ ಫಾರ್ ಅನಿಮಲ್ಸ್ ಬೆಂಗಳೂರು ಸಂಸ್ಥೆ ನಡೆಸುತ್ತದೆ. ಒಳಗೆ ಹೋದಕೂಡಲೇ ಡಬ್ಬಿ ತೆಗೆದುಕೊಂಡರು. ನಮಗೆ ಕೊಟ್ಟದ್ದು ಒಂದು ಫಾರಂ. ಫಾರಂ ತುಂಬುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಆದರೂ ಒಂದು ಕಾಲಂ ಮೊಮ್ಮಗಳೇ ತುಂಬಿದಳು: ಎಲ್ಲಿ ಸಿಕ್ಕಿತು? ಓಣಿಯ ಹೆಸರು, ಅಂಗಡಿಯ ಗುರುತು, ಯಾವ ಸೂರು, ಎಲ್ಲ. ಗುಣವಾದ ಪ್ರಾಣಿಯನ್ನು ಎಲ್ಲಿ ಬಿಡಬೇಕೆಂದು ಯೋಚಿಸಲು ಅದೇ ಮುಖ್ಯ. ಏನಾದರೂ ತಿನ್ನಿಸಿದಿರಾ ಎಂದು ಕೇಳಿದರು. ಇಲ್ಲ ಎಂದಾಗ ವೈದ್ಯೆಯ ಮುಖ ಸಡಿಲವಾಯಿತು. ಒಳಗಿನ ಪಂಜರಗಳನ್ನು ತೋರಿಸಿ ಎಂದು ಮೊಮ್ಮಗಳು ಕೇಳಿದಳು; ತೋರಿಸಲಿಲ್ಲ. ಮನುಷ್ಯರ ಮುಖ, ದನಿ ರೂಢಿಯಾದಷ್ಟೂ ಆ ಪ್ರಾಣಿಗಳಿಗೆ ಹೊರಗೆ ಅಪಾಯ ಎಂದರು. ಅವಳಿಗೆ ಸಿಟ್ಟು ಬಂತು, ವಾಪಸ್ ಬರುವಾಗ ನಾಯಂಡಹಳ್ಳಿಯವರೆಗೆ ಮಾತಾಡಲಿಲ್ಲ.

ವಾರ ಕಳೆದು ಫೋನ್ ಮಾಡಿದೆ. ನೂಲು ಬಿಡಿಸಿದ್ದರು. ಪಾದದ ತುದಿ ಉಳಿಯಲಿಲ್ಲ, ಮರಿ ಉಳಿಯಿತು. ಅದೇ ಅಳತೆಯ ಇನ್ನೆರಡು ಮರಿಗಳ ಜೊತೆ ಹಾಕಿದ್ದಾರೆ, ಒಂಟಿಯಾಗಿ ಬೆಳೆದರೆ ಅಳಿಲಿನ ನಡವಳಿಕೆ ಕಲಿಯುವುದಿಲ್ಲವಂತೆ.

ಆ ದಿನದಿಂದ ಓಣಿಯವರು ನನ್ನನ್ನು ಪ್ರಾಣಿಗಳ ವಿಷಯಕ್ಕೆ ಬ್ರಾಂಚ್ ಮ್ಯಾನೇಜರ್ ಮಾಡಿಬಿಟ್ಟಿದ್ದಾರೆ. ಸರ್ವಿಸಿನಲ್ಲಿ ಸಿಗದ ಪ್ರಮೋಷನ್! ಹೆಚ್ಚಾಗಿ ಬರುವುದು ಹಕ್ಕಿ ಮರಿಗಳು. ಪುಕ್ಕ ಬಂದು, ಮೋಟು ಬಾಲ ಇಟ್ಟುಕೊಂಡು ನೆಲದ ಮೇಲೆ ಕುಪ್ಪಳಿಸುವ ಗೊರವಂಕ, ಪಿಕಳಾರ ಅನಾಥವಲ್ಲ, ಹಾರಲು ಕಲಿಯುತ್ತಿದೆ. ಅಪ್ಪ ಅಮ್ಮ ಹತ್ತಿರದಲ್ಲೇ ಇದ್ದು ಹುಳು ತಂದು ಕೊಡುತ್ತವೆ. ಬೆಕ್ಕು, ಸ್ಕೂಟರ್ ಬರದ ಕಡೆ ಒಂದು ಕುಂಡದ ಮೇಲಿಟ್ಟು ಬಂದುಬಿಡಿ. ಪುಕ್ಕವೇ ಇಲ್ಲದ ಮರಿಯಾದರೆ ಗೂಡಿಗೆ ವಾಪಸ್. ಗೂಡು ಸಿಗದಿದ್ದರೆ ತೂತಿರುವ ಬುಟ್ಟಿಯೊಂದನ್ನು ಹತ್ತಿರವೇ ಎತ್ತರದಲ್ಲಿ ಕಟ್ಟಿ. ಕಾಗೆಗಳ ನಡುವೆ ಬಾಯಿ ತೆರೆದು ಕೂತ ಕೋಗಿಲೆ ಮರಿಯನ್ನು ಕಾಗೆಗಳಿಂದ "ಕಾಪಾಡಿ" ತಂದ ಹುಡುಗರಿದ್ದಾರೆ. ಅದರ ಸಾಕುತಾಯಿಯೇ ಕಾಗೆ ಎಂದು ಅವರಿಗೆ ನಂಬಿಸುವುದು ಕಷ್ಟವಾಯಿತು. ಹಾವಿನ ಮರಿಗೆ ತಾಯಿಯ ಹಂಗೇ ಇಲ್ಲ, ಮೊಟ್ಟೆಯೊಡೆದ ದಿನದಿಂದ ಸ್ವತಂತ್ರ. ನಾಗರ ಮರಿಗೆ ಅಂದಿನಿಂದಲೇ ವಿಷವೂ ಇರುತ್ತದೆ, ಹತ್ತಿರ ಹೋಗಬೇಡಿ.

ಕಾಯದೆ ಕೂಡಲೇ ಫೋನ್ ಮಾಡಬೇಕಾದ ಸಂದರ್ಭಗಳೂ ಇವೆ. ತಾಯಿ ಸತ್ತದ್ದನ್ನು ಕಣ್ಣಾರೆ ಕಂಡಿದ್ದರೆ, ಮೈಮೇಲೆ ಗಾಯವೋ ಇರುವೆಯೋ ಇದ್ದರೆ, ಬೆಕ್ಕು ಕಚ್ಚಿದ್ದರೆ. ಬೆಕ್ಕಿನ ಹಲ್ಲಿನ ಗುರುತು ಸೂಜಿ ಚುಚ್ಚಿದಷ್ಟೇ ಕಂಡರೂ ಅದರ ಜೊಲ್ಲಿನ ನಂಜು ಮರಿಯನ್ನು ಕೊಲ್ಲುತ್ತದೆ. ಕೋತಿ ಮತ್ತು ಬಾವಲಿಯ ಮರಿಯನ್ನು ಮಕ್ಕಳು ಮುಟ್ಟಲೇಬಾರದು. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926. ನಮ್ಮ ಮನೆಯ ಕ್ಯಾಲೆಂಡರಿನ ಮೇಲೆ ಗ್ಯಾಸಿನ ನಂಬರಿನ ಕೆಳಗೆ ಬರೆದಿಟ್ಟಿದ್ದೇವೆ.

ಮಂಡ್ಯದ ಕಡೆ ನಮ್ಮ ನೆಂಟರಿದ್ದಾರೆ. ಅಲ್ಲಿ ಕಬ್ಬು ಕಡಿಯುವಾಗ ಚಿರತೆಯ ಮರಿಗಳು ಸಿಗುವುದುಂಟು. ಅರಣ್ಯ ಸಿಬ್ಬಂದಿ ಮರಿಗಳನ್ನು ಬುಟ್ಟಿಯಲ್ಲಿಟ್ಟು, ಜನರನ್ನು ದೂರ ಕಳುಹಿಸಿ, ಅದೇ ಗದ್ದೆಯಲ್ಲಿ ರಾತ್ರಿ ಬಿಡುತ್ತಾರೆ. ಕತ್ತಲಲ್ಲಿ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಇದನ್ನು ಕೇಳಿದಾಗ ಮೊಮ್ಮಗಳು, "ನಮ್ಮ ಸೀರೆ ಡಬ್ಬಿ ಥರಾನೇ!" ಎಂದಳು.

ಈ ವರ್ಷದ ತಲೆನೋವು ಗೂಬೆಗಳದ್ದು. ಎದುರಿನ ಆ ಕುಸಿದ ಮನೆಯನ್ನು ಕೆಡವಿ ನಾಲ್ಕು ಅಂತಸ್ತಿನ ಗೋದಾಮು ಕಟ್ಟುವುದೆಂದು ತೀರ್ಮಾನವಾಗಿತ್ತು. ಅದರ ಹಿಂದಿನ ಗೋಡೆಯ ಗವಾಕ್ಷಿಯಲ್ಲಿ ಮೂರು ಕಣಜಗೂಬೆ ಮರಿಗಳು. ಒಂದರ ನಂತರ ಒಂದು, ದಿನ ಬಿಟ್ಟು ಮೊಟ್ಟೆಯೊಡೆಯುವುದರಿಂದ ಮೂರೂ ಮೂರು ಅಳತೆ. ರಾತ್ರಿಯೆಲ್ಲ ಬುಸ್ ಬುಸ್ ಸದ್ದು. ಬಾಡಿಗೆಯ ಹುಡುಗರು ಹಾವೆಂದು ಹೆದರಿದ್ದರು. ಹಾರಲು ಮೊಟ್ಟೆಯೊಡೆದಂದಿನಿಂದ ಸುಮಾರು ಎರಡು ತಿಂಗಳು ಬೇಕು. ಗೋಡೆ ಬಿದ್ದರೆ ಒಂದೇ ಏಟಿಗೆ ಮೂರು ಅನಾಥ.

ಮನೆಯ ಯಜಮಾನರು ಜವಳಿ ವ್ಯಾಪಾರಿ. ಗೂಬೆ ಅಪಶಕುನ, ಬೇಗ ಹೋಗಲಿ ಎಂದರು. "ಸ್ವಾಮಿ, ಪ್ರತಿ ದೀಪಾವಳಿಗೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ ಮಾಡ್ತೀರಿ, ಗೂಬೆ ಅವಳ ವಾಹನ ಅಂತಾರಲ್ಲ" ಎಂದೆ. ನಕ್ಕರು, ಒಪ್ಪಲಿಲ್ಲ. ನಿಮ್ಮ ಗೋದಾಮಿನ ಥಾನುಗಳನ್ನು ಇಲಿ ಕಡಿಯುತ್ತದೆಯಲ್ಲ, ಆ ಇಲಿಗಳನ್ನು ರಾತ್ರಿಯೆಲ್ಲ ಹಿಡಿಯುವವರು ಇವರೇ ಎಂದು ಹೇಳಿ, ಗವಾಕ್ಷಿಯ ಕೆಳಗೆ ಬಿದ್ದಿದ್ದ ಉಂಡೆಗಳನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದೆ. ಗೂಬೆ ಜೀರ್ಣವಾಗದ್ದನ್ನು ಉಂಡೆಗಟ್ಟಿ ಉಗುಳುತ್ತದೆ. ಒಂದೊಂದರಲ್ಲೂ ಇಲಿಯ ಪುಟ್ಟ ತಲೆಬುರುಡೆಗಳು. ವ್ಯಾಪಾರಿ ಕನ್ನಡಕ ಹಾಕಿಕೊಂಡು ಎಣಿಸಿದರು. ಲಕ್ಷ್ಮಿಗಿಂತ ಲೆಕ್ಕ ಹೆಚ್ಚು ಕೆಲಸ ಮಾಡಿತು.

ಮೇಸ್ತ್ರಿ ಮುಂಭಾಗದಿಂದ ಕೆಡವಲು ಶುರುಮಾಡಿದ. ಹಿಂದಿನ ಗೋಡೆ ಐದು ವಾರ ಒಂಟಿಯಾಗಿ ನಿಂತಿತ್ತು, ಅದರ ಬುಡಕ್ಕೆ ಯಾರೂ ಬರದಂತೆ ಹಗ್ಗ ಕಟ್ಟಿದ್ದರು. ದೊಡ್ಡ ಮರಿ ಮೊದಲು ನಮ್ಮ ಮಹಡಿಯ ನೀರಿನ ಟ್ಯಾಂಕಿನ ಮೇಲೆ ಬಂದು ಕೂತು ಹಿಂದಕ್ಕೆ ಹಾರಿತು. ಚಿಕ್ಕದು ಹನ್ನೊಂದು ದಿನ ತಡ. ಅದೂ ಹೋದ ಮೇಲೆ ಎರಡು ರಾತ್ರಿ ಟಾರ್ಚ್ ಬಿಟ್ಟು ನೋಡಿ, ಗವಾಕ್ಷಿ ಖಾಲಿ ಎಂದು ಖಚಿತವಾದ ಮೇಲೆ ಮೇಸ್ತ್ರಿಗೆ ಹೇಳಿಕಳುಹಿಸಿದೆ. ದೊಡ್ಡಮ್ಮ ಹೊಸ ಕಟ್ಟಡದಲ್ಲಿ ಒಂದು ಗೂಡು ಬಿಡಿಸಿ ಎಂದು ಯಜಮಾನರನ್ನು ದಿನವೂ ಪೀಡಿಸುತ್ತಿದ್ದಾರೆ. ಅವರು ನಕ್ಷೆ ನೋಡಿ ಹೇಳುತ್ತೇನೆ ಎಂದಿದ್ದಾರೆ.